ಇಂದಿರಾಳ ಗೆರೆ

ಆ ಯಂತ್ರಕ್ಕೆ ಎಂಟು ಸಾವಿರ ಡಾಲರ್. ಐವತ್ತರಿಂದ ಗುಣಿಸಿದರೆ ನಾಲ್ಕು ಲಕ್ಷ ರೂಪಾಯಿ. ಗ್ಯಾರೇಜಿನಲ್ಲಿರುವ ಡಬ್ಬಿ ಗ್ಯಾಸಿನ ಒಲೆಗೆ ಇಪ್ಪತ್ತೈದು ಡಾಲರ್. ನಡುಮನೆಯ ಕಾರ್ಪೆಟ್ಟಿಗೆ ಎಷ್ಟಾಯಿತೆಂದು ಮಗಳು ಮಾಲವಿಕಾ ಯಾವತ್ತೂ ಹೇಳಿರಲಿಲ್ಲ. ಆದರೆ ಕಾಫಿ ಲೋಟ ಹಿಡಿದು ಅದರ ಮೇಲೆ ಯಾರೂ ನಡೆಯುತ್ತಿರಲಿಲ್ಲವಾದ್ದರಿಂದ ವೇಣುಗೋಪಾಲರಿಗೆ ಅದರ ಬೆಲೆ ಅಂದಾಜಿತ್ತು. ಬೆಲೆ ಗೊತ್ತಾಗುವ ತನಕ ಯಾವ ವಸ್ತುವೂ ಅವರ ಕಣ್ಣಿಗೆ ಪೂರ್ತಿ ಕಾಣುತ್ತಿರಲಿಲ್ಲ. ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಸ್ಟೋರಿನಲ್ಲಿ ಕೂತು ಕೂತು ಬಂದ ಅಭ್ಯಾಸ ಅದು. ಬೋಲ್ಟು ನಟ್ಟುಗಳನ್ನು ಕೇಳಿದವರಿಗೆ ಕೇಳಿದಷ್ಟು ಕೊಡುತ್ತಿದ್ದರು. ಜರ್ಮನಿಯಿಂದ ಬಂದ ಅಳತೆಯ ಸಾಧನಗಳನ್ನು ಮಾತ್ರ ಅವುಗಳ ಮಕಮಲ್ಲಿನ ಪೆಟ್ಟಿಗೆಯಿಂದ ತೆಗೆಯದೆ, ಬೀರುವಿನಲ್ಲಿಟ್ಟು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಕೇಳಲು ಬಂದ ಫಿಟರುಗಳು ಬೈದುಕೊಂಡು ಹೋಗುತ್ತಿದ್ದರು. ನಿವೃತ್ತರಾದ ದಿನ ಆ ಪೆಟ್ಟಿಗೆಗಳನ್ನು ಹೊಸಬನಿಗೆ ಒಪ್ಪಿಸುವಾಗ, ಒಂದರ ಮೇಲೂ ಒಂದು ಗೀರಿಲ್ಲವೆಂದು ಅವರಿಗೆ ಹೆಮ್ಮೆಯಾಗಿತ್ತು. ಅವು ಏನನ್ನೂ ಅಳೆದಿರಲಿಲ್ಲ ಎಂಬುದು ಹೊಳೆದದ್ದು ಈಗ, ಬ್ರಿಸ್ಬೇನಿನ ಕ್ಯಾಲಮ್‌ವೇಲಿನಲ್ಲಿ, ಮಗಳ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಅಹಲ್ಯಾಳ ಕಾರಿಗಾಗಿ ಕಾಯುತ್ತಿರುವಾಗ.

ಆಗಸ್ಟು, ಈ ದೇಶದ ಚಳಿಗಾಲ; ಪಡುವಣ ಗಾಳಿ ಬೀಸುತ್ತಿತ್ತು. ಬಿಸಿಲಿತ್ತು, ಆದರೆ ಬಿಸಿಲಿಗೆ ಕಾವಿರಲಿಲ್ಲ. ಎದುರು ಮನೆಯ ನೀಲಗಿರಿ ಮರದಿಂದ ಉದ್ದುದ್ದ ತೊಗಟೆ ಕಳಚಿ ರಸ್ತೆಯ ಮೇಲೆ ಸರಸರ ಹೋಗುತ್ತಿತ್ತು. ಈ ಗಾಳಿಗೆ ಹೆದರಿಯೇ ಮನೆಯ ಎಲ್ಲ ಕಿಟಕಿ ಮುಚ್ಚಿರುವುದು, ಗ್ಯಾರೇಜಿನ ಶಟರನ್ನು ಮೊಣಕಾಲಷ್ಟು ಮಾತ್ರ ಎತ್ತಿರುವುದು. ಅದರ ಸಂದಿನಿಂದ ಈಗಲೂ ಸಾಸಿವೆ ಸಿಡಿದ ವಾಸನೆ ಬರುತ್ತಿತ್ತು. ಹೆಂಡತಿ ಇಂದಿರಾ ಒಳಗಿದ್ದಳು. ಅವಳು ಕೆಮ್ಮಿದ್ದು ಕೇಳಿಸಿತು. ಕೆಮ್ಮು ಕೇಳಿಸಿತು ಎಂದು ಇವತ್ತು ತಮಗೆ ಅನ್ನಿಸಿದ್ದೇ ವೇಣುಗೋಪಾಲರಿಗೆ ವಿಚಿತ್ರವಾಗಿ ಕಂಡಿತು. ಮೈಸೂರಿನ ಮನೆಯಲ್ಲಿ ನೀರಿನ ಪಂಪಿನ ಸದ್ದು, ಪಕ್ಕದ ಮನೆಯ ರುಬ್ಬುವ ಸದ್ದು, ಇವಳ ಕೆಮ್ಮು, ಮೂರೂ ಬೆಳಗಾಯಿತೆಂದು ಹೇಳುವ ಸದ್ದುಗಳಾಗಿದ್ದವು. ಪಂಪು ನಿಂತರೆ ಎದ್ದು ಹೋಗಿ ನೋಡುತ್ತಿದ್ದರು. ಕೆಮ್ಮಿಗೆ ಎದ್ದು ಹೋದ ನೆನಪಿಲ್ಲ.

ಅಹಲ್ಯಾ ದಾವಣಗೆರೆಯ ಕಡೆಯ ಹುಡುಗಿ. ಅಡಿಲೇಡಿನಲ್ಲಿ, ಬೆಡ್‌ಫರ್ಡ್ ಪಾರ್ಕಿನಲ್ಲಿ ಓದುತ್ತಿದ್ದಳು. ಬ್ರಿಸ್ಬೇನಿನ ಕನ್ನಡ ಸಂಘದ ಯುಗಾದಿ ಊಟಕ್ಕೆ ಬಂದವಳು ಎಲೆಯಿಂದ ಎಲೆಗೆ ಹೋಗಿ, ವಯಸ್ಸಾದವರನ್ನೇ ಆರಿಸಿ ಆರಿಸಿ ಮಾತಾಡಿಸಿದ್ದಳು. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರು ಊರಲ್ಲೂ ಅರವತ್ತೈದು ದಾಟಿದವರು ದಿನವಿಡೀ ಎಂಥ ಗಾಳಿ ಕುಡಿಯುತ್ತಾರೆ ಎಂದು ಅವಳ ಯೂನಿವರ್ಸಿಟಿಯವರು ಅಳೆಯುತ್ತಿದ್ದರಂತೆ. ಊರಿನ ಗಾಳಿ ಅಳೆಯುವುದಕ್ಕೆ ಸರ್ಕಾರದ ಕಂಬಗಳಿವೆ. ಆದರೆ ಯಾವ ಮುದುಕರೂ ಕಂಬದ ತುದಿಯಲ್ಲಿ ಕೂತಿರುವುದಿಲ್ಲವಲ್ಲ ಎಂದು ಅವಳು ಅಂದದ್ದಕ್ಕೆ ಇಂದಿರಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಕೂದಲೆಳೆಯನ್ನು ಮೂವತ್ತು ಪಾಲಾಗಿ ಸಿಗಿದರೆ ಎಷ್ಟೋ ಅಷ್ಟು ಸಣ್ಣ ಧೂಳು, ಕಣ್ಣಿಗೆ ಕಾಣುವುದಿಲ್ಲ, ಮೂಗಿನಲ್ಲಿ ನಿಲ್ಲುವುದಿಲ್ಲ, ನೇರ ಎದೆಯೊಳಕ್ಕೆ ಇಳಿಯುತ್ತದೆ. ಹೆಗಲಿಗೆ ಹಾಕಿಕೊಳ್ಳುವ ಒಂದು ಚೀಲ, ಚೀಲದೊಳಗೆ ಯಂತ್ರ, ಅದರಿಂದ ಹೊರಟು ಕೊರಳ ಹತ್ತಿರ ಸಿಕ್ಕಿಸಿಕೊಳ್ಳುವ ಒಂದು ತೆಳು ಕೊಳವೆ. ಆಗಸ್ಟಿನಲ್ಲಿ ಅದನ್ನು ಮನೆಗೇ ತಂದುಕೊಟ್ಟಳು, ಗಂಡನಿಗೊಂದು, ಹೆಂಡತಿಗೊಂದು. ಮಲಗುವಾಗ ತಲೆದಿಂಬಿನ ಪಕ್ಕ. ಬೆಲೆ ಎಷ್ಟಮ್ಮಾ ಎಂದು ವೇಣುಗೋಪಾಲರು ಕೇಳಬಾರದಿತ್ತು. ಅವಳು ಹೇಳಬಾರದಿತ್ತು. ಹೇಳಿದ ಮೇಲೆ ಇಂದಿರಾ ತನ್ನ ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟಳು. ಮಾರನೆಯ ಬೆಳಿಗ್ಗೆ ಅಹಲ್ಯಾ ಹೇಗಿದೆ ನೋಡೋಣವೆಂದು ಬಂದರೆ ಯಂತ್ರಕ್ಕೆ ಪ್ಲಾಸ್ಟಿಕ್ ಕವರು ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿತ್ತು, ಮನೆಯ ಟೀವಿ ರಿಮೋಟಿಗೆ ಹಾಕಿದ ಹಾಗೆ. "ಅಯ್ಯೋ ಆಂಟಿ, ಅದು ಉಸಿರಾಡ್ಬೇಕು!" ಎಂದು ಅಹಲ್ಯಾ ಕವರು ಬಿಚ್ಚಿ ನಕ್ಕಿದ್ದಳು. ಎಲ್ಲರೂ ನಕ್ಕಿದ್ದರು. ಅವಳು ಅತ್ತ ಹೋದ ಮೇಲೆ ಇಂದಿರಾ ಗ್ಯಾರೇಜಿಗೆ ಹೊರಟವಳು ಬಾಗಿಲ ಹತ್ತಿರ ನಿಂತು, ಚೀಲ ಕಳಚಿ, "ಇದನ್ನ ಹಿಡ್ಕೊಳ್ರೀ. ಎಣ್ಣೆ ಗಿಣ್ಣೆ ಸಿಡಿದ್ರೆ ಏನು ಗತಿ, ನಾಲ್ಕು ಲಕ್ಷ," ಅಂದಿದ್ದಳು. ವೇಣುಗೋಪಾಲರಿಗೆ ಅದು ಬಹಳ ಸರಿಯಾದ ಮಾತು ಅನ್ನಿಸಿತ್ತು. ಬೀರುವಿನ ಬೀಗದ ಕೈ ಮತ್ತೆ ಸೊಂಟಕ್ಕೆ ಬಂದ ಹಾಗಿತ್ತು.

ಹೀಗೆ ಆ ವಾರವೆಲ್ಲ ಅವಳು ಒಲೆ ಹಚ್ಚುವ ಹೊತ್ತಿಗೆ ಚೀಲ ಇವರ ಹೆಗಲಿಗೆ ಬರುತ್ತಿತ್ತು. ಒಂದು ಎಡಕ್ಕೆ, ಒಂದು ಬಲಕ್ಕೆ, ಎರಡು ಕೊಳವೆ ಕೊರಳಿಗೆ. ಮೊಮ್ಮಗಳು ಕವನಾ ನೋಡಿ, "ತಾತಾ, ಯು ಲುಕ್ ಲೈಕ್ ಎ ಕಾಂಗರೂ ವಿತ್ ಟ್ವಿನ್ಸ್," ಅಂದಿದ್ದಳು. ಇವರು ಇದೇ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು, ಬಸ್ ಸ್ಟಾಪಿನ ತನಕ ನಡೆದು ಬರುತ್ತಿದ್ದರು, ಹಿತ್ತಲಿನ ಕರಿಬೇವಿಗೆ ನೀರು ಹಾಕುತ್ತಿದ್ದರು. ಎರಡು ಯಂತ್ರಗಳೂ ಸೊಳ್ಳೆಯ ಹಾಗೆ ಸಣ್ಣಗೆ ಗುಂಯ್ ಅನ್ನುತ್ತಿದ್ದವು. ಒಂದು ದಿನ ಇಂದಿರಾ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದಳು. ಮುಚ್ಚಿದ ಬಾಗಿಲನ್ನು ದಾಟಿ ಘಾಟು ಬಂತು. ಅದರ ಹಿಂದೆ ಕೆಮ್ಮು ಬಂತು, ನಿಲ್ಲದ ಕೆಮ್ಮು, ನಡುವೆ ಉಸಿರೆಳೆಯುವ ಸೀಟಿಯಂಥ ಸದ್ದು. ವೇಣುಗೋಪಾಲರು ಎದ್ದರು. ಎದ್ದು, ಯಂತ್ರಗಳಿಗೆ ಘಾಟು ತಾಗಬಾರದೆಂದು ಕುರ್ಚಿಯನ್ನು ಇನ್ನಷ್ಟು ದೂರ, ಗೇಟಿನ ಹತ್ತಿರ ಹಾಕಿಕೊಂಡು ಕೂತರು. ಅಳೆಯಲೆಂದೇ ಕೊಟ್ಟ ಯಂತ್ರ ಅದು ಎಂಬುದು ಆಗ ಅವರಿಗೆ ಹೊಳೆಯಲಿಲ್ಲ. ನೆನೆಸಿಕೊಂಡರೆ ಈಗ ಕಿವಿ ಬಿಸಿಯಾಗುತ್ತದೆ.

ಗ್ಯಾರೇಜಿಗೆ ಹೋಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಳೆದ ವರ್ಷ ಕವನಾ ಶಾಲೆಯಿಂದ ಬಂದವಳು ಜಾಕೆಟ್ ಕಿತ್ತೆಸೆದು ಅತ್ತಿದ್ದಳು. ಪಕ್ಕದಲ್ಲಿ ಕೂರುವ ಹುಡುಗಿ ಅದನ್ನು ಮೂಸಿ ಮೂಗು ಮುಚ್ಚಿಕೊಂಡಳಂತೆ. ಡಾಕ್ಟರಾದ ಮಾಲವಿಕಾ ಆಸ್ಪತ್ರೆಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಅಡುಗೆಮನೆಗೆ ಹೋಗಿ, ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನು ಹಾಕಿ, ಅದರ ಕೆಳಗೆ ಕೈ ಹಿಡಿದು ನೋಡಿದಳು. ಈ ಊರಿನ ಎಷ್ಟೋ ಮನೆಗಳ ಫ್ಯಾನಿನಂತೆ ಅದೂ ಹೊಗೆಯನ್ನು ಹೊರಗೆ ಹಾಕುತ್ತಿರಲಿಲ್ಲ, ಎಳೆದು ಮತ್ತೆ ಮನೆಯೊಳಗೇ ಬಿಡುತ್ತಿತ್ತು. ಅವಳು ಫ್ಯಾನು ಆರಿಸಿ ಸುಮ್ಮನೆ ನಿಂತಳು. ಆ ಸುಮ್ಮನೆ ನಿಂತದ್ದನ್ನು ಇಂದಿರಾ ನೋಡಿದಳು. "ಒಗ್ಗರಣೆ, ಕರಿಯೋದು ಎಲ್ಲ ನಾನು ಗ್ಯಾರೇಜಲ್ಲೇ ಮಾಡ್ಕೋತೀನಿ ಕಣೆ, ಅಲ್ಲೇ ಆರಾಮ, ಜಾಗನೂ ಜಾಸ್ತಿ," ಅಂದಳು. ಶನಿವಾರ ಮಾಲವಿಕಾ ಪುಟ್ಟ ಒಲೆ ತಂದುಕೊಟ್ಟಳು. ಮಗಳ ಮನೆಯಲ್ಲಿರುವವರು ಮಾತಿಗೆ ಕಾಯಬಾರದು, ಮೊದಲೇ ಅರ್ಥ ಮಾಡಿಕೊಳ್ಳಬೇಕು ಎಂದು ವೇಣುಗೋಪಾಲರಿಗೂ ಅನ್ನಿಸಿತ್ತು. ಅಳಿಯ ಕೌಸ್ತುಭ್ ಪರ್ತಿನ ಹ್ಯಾರಿಸ್‌ಡೇಲಿನಲ್ಲಿ ರೂಮು ಮಾಡಿಕೊಂಡು ಗಣಿಯ ಕೆಲಸಕ್ಕೆ ಹೋಗುತ್ತಿದ್ದ, ಯಾವಾಗಲೋ ಬರುತ್ತಿದ್ದ. ಬಂದರೆ ಕಾರನ್ನು ಹೊರಗೆ ನಿಲ್ಲಿಸಿ, "ಅಯ್ಯೋ ಅತ್ತೆ, ನಿಮ್ಮ ಫ್ಯಾಕ್ಟರಿ ಡಿಸ್ಟರ್ಬ್ ಮಾಡಲ್ಲ," ಎಂದು ನಗುತ್ತಿದ್ದ. ಒಳ್ಳೆಯ ಹುಡುಗ. ಎಲ್ಲರೂ ಒಳ್ಳೆಯವರೇ. ಇಂದಿರಾ ಮಾತ್ರ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ವಾಸನೆ, ಕಸದ ತೊಟ್ಟಿ, ಹಳೆ ಸೈಕಲ್ಲುಗಳ ನಡುವೆ ಒಂದು ಗಿಡ್ಡ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದಳು.

ಅಹಲ್ಯಾಳ ಕಾರು ಬಂತು. "ಏನ್ ಅಂಕಲ್, ಕಾಯ್ತಿದ್ರಾ? ಗಾಳಿ ನೋಡಿ, ಹಾರ್ಕೊಂಡೇ ಬಂದೆ," ಎಂದು ಲ್ಯಾಪ್‌ಟಾಪ್ ಎದೆಗವಚಿಕೊಂಡು ಇಳಿದಳು. ಎರಡು ದಿನದ ಹಿಂದೆ ಯಂತ್ರಗಳನ್ನು ಒಯ್ದವಳು ಇವತ್ತು ಅವು ಹೇಳಿದ್ದನ್ನು ತೋರಿಸಲು ಬಂದಿದ್ದಳು. ಮಾಲವಿಕಾಳಿಗೆ ರಜೆ. ಕವನಾ ಈಜುವ ಕ್ಲಾಸಿಗೆ ಹೋಗಿದ್ದಳು. ಇಂದಿರಾ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯ ತುದಿಯಲ್ಲಿ ಕೂತಳು.

"ಮೊದ್ಲು ನಾನು ಮಷೀನೇ ಕೆಟ್ಟಿದೆ ಅನ್ಕೊಂಡೆ," ಅಂದಳು ಅಹಲ್ಯಾ, ತೆರೆಯನ್ನು ಎಲ್ಲರ ಕಡೆ ತಿರುಗಿಸಿ. "ಚೆಕ್ ಮಾಡಿದ್ರೆ ಎರಡೂ ಸರಿಯಾಗೇ ಇದೆ. ಇಲ್ನೋಡಿ, ನೀಲಿ ಅಂಕಲ್‌ದು, ಕೆಂಪು ಆಂಟೀದು. ಈ ಕಡೆ ರಾತ್ರಿ, ಈ ಕಡೆ ಹಗಲು. ಎಲ್ಲಾದ್ರೂ ಬೇರೆ ಆಗಿದೆಯಾ?"

ಆಗಿರಲಿಲ್ಲ. ನೀಲಿ ಗೆರೆ ಎಲ್ಲಿ ಹೋದರೆ ಕೆಂಪು ಗೆರೆಯೂ ಅಲ್ಲಿ. ಬಸ್ ಸ್ಟಾಪಿನ ರಸ್ತೆಯಲ್ಲಿ ಎರಡೂ ಕೊಂಚ ಏಳುತ್ತಿದ್ದವು, ಅರಣ್ಯ ಇಲಾಖೆಯವರು ಒಣ ಹುಲ್ಲು ಸುಟ್ಟ ಸಂಜೆ ಎರಡೂ ಗುಡ್ಡದಂತೆ ಎದ್ದು ಒಟ್ಟಿಗೆ ಇಳಿದಿದ್ದವು. ಉಳಿದಂತೆ ತಗ್ಗಿನಲ್ಲಿ, ಪಕ್ಕಪಕ್ಕದಲ್ಲಿ, ನೆಮ್ಮದಿಯಾಗಿ ಹೋಗುತ್ತಿದ್ದವು.

"ಪರ್ತಲ್ಲಿ, ಅಡಿಲೇಡಲ್ಲಿ ಎಷ್ಟೋ ಗಂಡ ಹೆಂಡ್ತೀನ ನೋಡಿದೀನಿ. ಒಂದೇ ಮನೇಲಿದ್ರೂ ಗೆರೆ ಬೇರೆ ಬೇರೆ. ಅವ್ರು ಶೆಡ್ಡಲ್ಲಿ, ಇವ್ರು ಟೀವಿ ಮುಂದೆ. ನೀವಿಬ್ರು ಒಬ್ರನ್ನೊಬ್ರು ಬಿಟ್ಟೇ ಇಲ್ವಲ್ಲ! ನಮ್ಮ ಪ್ರೊಫೆಸರ್‌ಗೂ ತೋರಿಸ್ದೆ, ವಾಟ್ ಎ ಲವ್ಲಿ ಕಪಲ್ ಅಂದ್ರು."

"ಹೋಗೇ, ಏನೇನೋ ಹೇಳ್ತಿಯ," ಅಂದಳು ಇಂದಿರಾ. ಸೆರಗು ಸರಿಮಾಡಿಕೊಂಡಳು. ಸರಿಯಾಗಿದ್ದ ಸೆರಗನ್ನೇ ಮತ್ತೆ ಸರಿಮಾಡಿಕೊಂಡಳು. ಅವಳ ಮುಖ ಅಷ್ಟು ಸಣ್ಣ ವಯಸ್ಸಿನದಾದದ್ದನ್ನು ವೇಣುಗೋಪಾಲರು ಒಂದೇ ಸಲ ನೋಡಿದ್ದರು: ಮದುವೆಯಾದ ಹೊಸತರಲ್ಲಿ, ದೇವರಾಜ ಅರಸು ರಸ್ತೆಯ ಸ್ಟುಡಿಯೋದಲ್ಲಿ. ಸ್ವಲ್ಪ ಹತ್ತಿರ ನಿಂತ್ಕೊಳ್ಳಿ ಸಾರ್ ಎಂದು ಫೋಟೋದವನು ಅಂದಾಗ ಅವಳು ಒಂದು ಹೆಜ್ಜೆ ಸರಿದಿದ್ದಳು, ಇವರಿಗೆ ನಾಚಿಕೆಯಾಗಿ ಅತ್ತ ಒಂದು ಹೆಜ್ಜೆ ಸರಿದುಬಿಟ್ಟಿದ್ದರು. ಆ ಫೋಟೋ ಈಗಲೂ ಇದೆ. ಇಬ್ಬರ ನಡುವೆ ಸ್ಟುಡಿಯೋದ ಪರದೆಯ ಮೇಲೆ ಬರೆದ ಒಂದು ಕಂಬ ಪೂರ್ತಿ ಕಾಣುತ್ತದೆ.

"ಆಂಟಿ, ಅಡುಗೆ ಮಾಡುವಾಗ್ಲೂ ಹಾಕ್ಕೊಂಡಿದ್ರಿ ತಾನೆ?"

"ಹೂಂ, ಹಾಕ್ಕೊಂಡಿದ್ದೆ," ಅಂದಳು ಇಂದಿರಾ, ವೇಣುಗೋಪಾಲರು ಬಾಯಿ ತೆರೆಯುವ ಮೊದಲೇ.

ಮಾಲವಿಕಾ ಮುಂದಕ್ಕೆ ಬಾಗಿದಳು. "ಹಾಗಾದ್ರೆ ಅಮ್ಮನ ಕೆಮ್ಮಿಗೆ ಗಾಳಿ ಕಾರಣ ಅಲ್ಲ?"

"ಮಷೀನ್ ಕೊಟ್ಟ ದಿನ ಆಂಟಿ ಹತ್ರ ಮಾಡಿಸಿದ್ನಲ್ಲ, ಉಸಿರು ಊದೋ ಟೆಸ್ಟ್, ಅದು ಕಮ್ಮಿ ಬಂದಿರೋದು ನಿಜ. ವಯಸ್ಸಿಗೆ ಇರ್ಬೇಕಾದ್ದಕ್ಕಿಂತ ಬಹಳ ಕಮ್ಮಿ. ಆದ್ರೆ ಈ ಗೆರೆ ನೋಡಿದ್ರೆ... ನಾವು ನೋಡಿರೋದ್ರಲ್ಲೇ ಕ್ಲೀನ್ ಗಾಳಿ ಇದು. ಬೇರೆ ಏನೋ ಇರ್ಬೇಕು, ಡಾಕ್ಟ್ರು ನೀವು, ನಿಮ್ಗೇ ಗೊತ್ತಿರತ್ತೆ."

ಮಾಲವಿಕಾಳ ಹೆಗಲು ಇಳಿದದ್ದನ್ನು ವೇಣುಗೋಪಾಲರು ನೋಡಿದರು. ಬಹಳ ದಿನದಿಂದ ಹೊತ್ತಿದ್ದನ್ನು ಕೆಳಗಿಟ್ಟ ಹಾಗೆ. ಇವಳಿಗೂ ಗ್ಯಾರೇಜು ಒಳಗೊಳಗೇ ಕೊರೆಯುತ್ತಿತ್ತು ಎಂದಾಯಿತು. "ನಾನು ಆ ಗ್ಯಾರೇಜೇ ಏನೋ ಅಂತ... ಸದ್ಯ," ಅಂದಳು ಮಾಲವಿಕಾ. "ಹಾರ್ಟ್ ಒಂದ್ಸಲ ನೋಡಿಸ್ಬೇಕು. ಸೋಮವಾರ ಸ್ಕ್ಯಾನಿಗೆ ಕೇಳ್ತೀನಿ." ಫೋನ್ ತೆಗೆದು ಬೆರಳಾಡಿಸತೊಡಗಿದಳು. ಎರಡು ಗೆರೆಯಿಂದ ಇಂದಿರಾಳಿಗೆ ಒಂದು ಒಳ್ಳೆಯ ಮಾತು ಸಿಕ್ಕಿತು, ಮಗಳಿಗೆ ಸಮಾಧಾನ ಸಿಕ್ಕಿತು. ಎರಡೂ ಗೆರೆ ವೇಣುಗೋಪಾಲರ ಕೊರಳಿನವು.

"ಕೂತಿರು, ಆಂಬೊಡೆ ಕರೀತೀನಿ, ಕಡ್ಲೆಬೇಳೆ ನೆನ್ಸಿಟ್ಟಿದೀನಿ," ಎಂದು ಇಂದಿರಾ ಎದ್ದಳು. ಆಂಟಿ ಬೇಡ ಎಂದು ಅಹಲ್ಯಾ ಅಂದದ್ದು ಅವಳಿಗೆ ಕೇಳಿಸಲೇ ಇಲ್ಲ. ಗ್ಯಾರೇಜಿನ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಎಣ್ಣೆಯ ಚುಂಯ್ ಸದ್ದಿನ ಜೊತೆಗೆ ಅವಳ ದೊಡ್ಡ ದನಿ: ಮೈಸೂರಿನಲ್ಲಿರುವ ತಂಗಿ ಪದ್ಮಾಳಿಗೆ ಸ್ಪೀಕರಿನಲ್ಲಿ ಫೋನು. "ಮಷೀನೇ ಹೇಳ್ತು ಕಣೆ ಪದ್ದು! ಮೂರು ಊರಲ್ಲಿ ಇಂಥ ಜೋಡಿ ಇಲ್ವಂತೆ. ಇವ್ರ ಗೆರೆ ಎಲ್ಲಿ ಹೋದ್ರೆ ನನ್ನ ಗೆರೆನೂ ಅಲ್ಲಿ." ಆ ಕಡೆಯಿಂದ ಪದ್ಮಾ, "ಭಾವ ಅಷ್ಟು ರೋಮ್ಯಾಂಟಿಕ್ಕಾ? ನಂಬಲ್ಲ ಹೋಗೆ," ಅಂದಳು. ಇಂದಿರಾ ನಕ್ಕಳು. ನಗು ಅರ್ಧದಲ್ಲೇ ಕೆಮ್ಮಾಯಿತು. "ಇಡ್ತೀನಿ ಇರು, ಎಣ್ಣೆ ಕಾದಿದೆ."

ವೇಣುಗೋಪಾಲರು ಎದ್ದು ಗ್ಯಾರೇಜಿನ ಬಾಗಿಲು ತೆಗೆದರು. ಕಸದ ತೊಟ್ಟಿ ಎಳೆದುಕೊಂಡು ಹೋಗಲು ಎಷ್ಟೋ ಸಲ ಬಂದಿದ್ದರು, ಆದರೆ ಒಲೆ ಉರಿಯುವಾಗ ಬಂದವರಲ್ಲ. ಮೊದಲು ಬಂದದ್ದು ಬಿಸಿ. ಆಮೇಲೆ ಕಣ್ಣಿಗೆ ಹೊಗೆ. ಬಲ್ಬಿನ ಸುತ್ತ ಒಂದು ಹಳದಿ ಮೋಡ ನಿಂತಿತ್ತು, ಬಿಟ್ಟಿರುವ ಸಂದಿನಿಂದ ಗಾಳಿ ಒಳಗೆ ನುಗ್ಗಿ ಮೋಡವನ್ನು ಅವಳ ಮುಖದ ಕಡೆಗೇ ತಳ್ಳುತ್ತಿತ್ತು. ಅವಳು ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಜಾಲರಿ ಸೌಟು, ಇನ್ನೊಂದು ಕೈಯಲ್ಲಿ ಸೆರಗನ್ನು ಮೂಗಿಗೆ ಹಿಡಿದಿದ್ದಳು. ಗೋಡೆಯ ಮೊಳೆಗೆ ಒಂದು ಒದ್ದೆ ಟವೆಲ್ ನೇತುಹಾಕಿದ್ದಳು, ಕಣ್ಣು ಒರೆಸಿಕೊಳ್ಳಲು. ಆ ಮೊಳೆ ಅಲ್ಲಿ ಇರುವುದು ವೇಣುಗೋಪಾಲರಿಗೆ ಗೊತ್ತಿರಲಿಲ್ಲ. ಮೈಸೂರಿನ ಅಡುಗೆಮನೆಯಲ್ಲೂ ಇಂಥದೊಂದು ಮೊಳೆ ಇತ್ತೇನೋ ಎಂದು ನೆನಪಿಸಿಕೊಳ್ಳಲು ನೋಡಿದರು. ಆ ಅಡುಗೆಮನೆಯ ಒಳಗೋಡೆ ಯಾವ ಬಣ್ಣವಿತ್ತೆಂದೇ ನೆನಪಾಗಲಿಲ್ಲ.

"ನೀವ್ಯಾಕೆ ಬಂದ್ರಿ? ಬಟ್ಟೆಗೆಲ್ಲ ವಾಸನೆ ಹತ್ತತ್ತೆ."

"ಇಂದಿರಾ, ನಾನು ಹೇಳ್ಬಿಡ್ತೀನಿ."

"ಏನ?"

"ಎರಡೂ ನನ್ನ ಹತ್ರಾನೇ ಇತ್ತು ಅಂತ."

ಅವಳು ಜಾಲರಿಯಲ್ಲಿ ಆಂಬೊಡೆ ಮಗುಚಿದಳು. ಒಂದೊಂದನ್ನೇ, ಅವಸರವಿಲ್ಲದೆ. "ಸುಮ್ನಿರಿ. ಆ ಹುಡುಗಿ ಲೆಕ್ಕ ಕೆಡತ್ತೆ, ಪಾಪ. ಮಾಲು ಈಗಷ್ಟೇ ಮನಸ್ಸು ಹಗುರ ಮಾಡ್ಕೊಂಡಿದಾಳೆ. ಹೇಳಿ ಯಾರಿಗೇನು ಬರ್ಬೇಕು?"

"ನಿನ್ನ ಉಸಿರು?"

"ಇಷ್ಟು ವರ್ಷ ಇರ್ಲಿಲ್ವಾ ಉಸಿರು? ಹಾಗೇ ಇರತ್ತೆ." ಸೆರಗನ್ನು ಮೂಗಿನಿಂದ ತೆಗೆದು ಅವರ ಮುಖ ನೋಡಿದಳು. ಹೊಗೆಗೋ ಏನೋ ಕಣ್ಣು ಕೆಂಪಾಗಿತ್ತು. "ಸುಳ್ಳು ಅಂತ ನಂಗೇನು ಗೊತ್ತಿಲ್ವೇನ್ರಿ? ಬಿಟ್ಟೇ ಇರಲ್ಲ ಅಂತ ಯಾರೋ ಒಬ್ರು ಅಂದ್ರು. ಕೇಳೋಕೆ ಚೆನ್ನಾಗಿತ್ತು. ಪದ್ದುಗೂ ಹೇಳ್ಬಿಟ್ಟಿದೀನಿ. ಅದನ್ನೂ ಕಿತ್ಕೋತೀರಾ?"

ವೇಣುಗೋಪಾಲರು ಏನೋ ಹೇಳಲು ಬಾಯಿ ತೆರೆದರು. ಹೊಗೆ ಹೊಕ್ಕು ಕೆಮ್ಮಿದರು. ಕೆಮ್ಮು ನಿಲ್ಲಲಿಲ್ಲ. "ನೋಡಿ, ಎರಡು ನಿಮಿಷಕ್ಕೆ ಹೀಗೆ. ಹೋಗಿ, ಇದನ್ನ ತೊಗೊಂಡೋಗಿ ಕೊಡಿ," ಎಂದು ಅವಳು ತಟ್ಟೆ ಅವರ ಕೈಗಿಟ್ಟು ಬಾಗಿಲು ತೋರಿಸಿದಳು.

ಒಳಗೆ ಗಾಳಿ ತಣ್ಣಗೆ, ವಾಸನೆಯೇ ಇಲ್ಲದೆ ಇತ್ತು. ಒಂದು ಬಾಗಿಲಿನ ಅಂತರ. ಅಹಲ್ಯಾ ಆಂಬೊಡೆ ಬಾಯಿಗೆ ಹಾಕಿಕೊಂಡು, "ಆಹಾ, ನಮ್ಮಮ್ಮಂಗೆ ಫೋಟೋ ಕಳಿಸ್ತೀನಿ," ಅಂದಳು. ಮಾಲವಿಕಾ ಎರಡು ತಿಂದಳು. ವೇಣುಗೋಪಾಲರು ತಟ್ಟೆ ಹಿಡಿದೇ ನಿಂತಿದ್ದರು. ಇಂದಿರಾ ಕೇಳಿದ್ದು ತೀರ ಸಣ್ಣದು. ಸೀರೆ ಕೇಳಿದವಳಲ್ಲ, ಯಾತ್ರೆ ಕೇಳಿದವಳಲ್ಲ. ಒಂದು ಮಾತನ್ನು ಇಟ್ಟುಕೊಳ್ಳುತ್ತೇನೆ ಅಂದಳು. ಗೀರಾಗದಂತೆ, ಮಕಮಲ್ಲಿನ ಪೆಟ್ಟಿಗೆಯಲ್ಲಿ. ಅಷ್ಟು ಕೊಡಬಾರದೆ? ಸೋಮವಾರ ಹೃದಯದ ಸ್ಕ್ಯಾನ್ ಆಗುತ್ತದೆ, ಹೃದಯ ಸರಿಯಿದೆ ಅನ್ನುತ್ತಾರೆ, ಇನ್ನೇನನ್ನೋ ಹುಡುಕುತ್ತಾರೆ, ಅಷ್ಟು ದಿನವೂ ಇವಳು ಆ ಸ್ಟೂಲಿನ ಮೇಲೆ ಕೂತು ಸಾಸಿವೆ ಸಿಡಿಸುತ್ತಿರುತ್ತಾಳೆ. ಅಹಲ್ಯಾ ಲ್ಯಾಪ್‌ಟಾಪ್ ಮುಚ್ಚಿದಳು. ಗ್ಯಾರೇಜಿನಿಂದ ಮತ್ತೆ ಆ ಸೀಟಿಯಂಥ ಉಸಿರು ಕೇಳಿಸಿತು. ಕೂತಿದ್ದ ಇಬ್ಬರೂ ತಲೆಯೆತ್ತಲಿಲ್ಲ, ಮನೆಯ ಸದ್ದು ಅದು.

"ಆ ಕೆಂಪು ಗೆರೆನೂ ನಂದೇ ಕಣಮ್ಮ," ಅಂದರು ವೇಣುಗೋಪಾಲರು.

ಇಬ್ಬರಿಗೂ ಅರ್ಥವಾಗಲಿಲ್ಲ.

"ಅವಳು ಒಲೆ ಹತ್ರ ಹೋಗೋವಾಗೆಲ್ಲ ನಂಗೆ ಕೊಟ್ಟು ಹೋಗ್ತಿದ್ಳು. ಬೆಲೆ ಬಾಳೋದು, ಎಣ್ಣೆ ಸಿಡಿಯತ್ತೆ ಅಂತ. ನಾನು ಎರಡನ್ನೂ ಹಾಕ್ಕೊಂಡು ಹೊರಗೆ ಕೂತಿರ್ತಿದ್ದೆ. ಅವಳಿದ್ದ ಗಾಳೀನ ಯಾರೂ ಅಳೆದಿಲ್ಲ."

ಅಹಲ್ಯಾ ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟುಕೊಂಡು ಕೂತಳು. "ನಂಗೇ ಅನುಮಾನ ಬರ್ಬೇಕಿತ್ತು," ಅಂದಳು ಮೆಲ್ಲಗೆ. "ಅಡುಗೆ ಹೊತ್ತಲ್ಲಿ ಎಲ್ಲರ ಮನೆ ಗೆರೆನೂ ಏಳತ್ತೆ. ಆಂಟೀದು ಏಳ್ಲೇ ಇಲ್ಲ. ಜೋಡಿ ಚೆನ್ನಾಗಿದೆ ಅಂತ ಖುಷೀಲಿ ನೋಡ್ಲೇ ಇಲ್ಲ ನಾನು."

"ಅಪ್ಪ, ನಂಗೆ ಮುಂಚೆ ಹೇಳ್ಬಾರ್ದಿತ್ತಾ?" ಅಂದಳು ಮಾಲವಿಕಾ. ದನಿ ಒಡೆದಿತ್ತು. ದಿನವೂ ಅದೇ ಗ್ಯಾರೇಜಿನ ಮುಂದಿನಿಂದ ಕಾರು ತೆಗೆಯುವವಳು ಅವಳು. ದಿನವೂ ರೋಗಿಗಳ ಎದೆಗೆ ಕಿವಿಯಿಟ್ಟು ಕೇಳುವವಳು. ವೇಣುಗೋಪಾಲರು ಅದನ್ನು ಹೇಳಲಿಲ್ಲ. ಅವಳ ಮುಖ ನೋಡಿದರೆ ಅವಳೇ ಅದನ್ನು ಹೇಳಿಕೊಳ್ಳುತ್ತಿದ್ದಳು.

ಬಾಗಿಲಲ್ಲಿ ಇಂದಿರಾ ನಿಂತಿದ್ದಳು, ಎರಡನೆಯ ಸುತ್ತಿನ ಆಂಬೊಡೆಯ ಜಾಲರಿ ಕೈಯಲ್ಲಿ. ಯಾವಾಗ ಬಂದಳೋ. ಯಾರನ್ನೂ ನೋಡದೆ ನೇರ ಕಾರ್ಪೆಟ್ಟಿನ ಮೇಲೆ ನಡೆದು ಬಂದು, ಜಾಲರಿಯಿಂದ ಅಹಲ್ಯಾಳ ತಟ್ಟೆಗೆ ನಾಲ್ಕು ಹಾಕಿದಳು. ಎಣ್ಣೆಯ ಒಂದು ತೊಟ್ಟು ಕಾರ್ಪೆಟ್ಟಿಗೆ ಬಿತ್ತು. ಎಲ್ಲರಿಗೂ ಕಂಡಿತು. ಯಾರೂ ಒರೆಸಲಿಲ್ಲ.

"ಬುಧವಾರದ ತನಕ ಇಲ್ಲೇ ಇರ್ತೀನಿ ಆಂಟಿ," ಅಂದಳು ಅಹಲ್ಯಾ. "ಮಷೀನ್ ಕಾರಲ್ಲೇ ಇದೆ. ಇನ್ನೊಂದ್ಸಲ ಹಾಕ್ಕೋತೀರಾ? ಒಲೆ ಹತ್ರಾನೂ."

"ಎಣ್ಣೆ ಸಿಡಿದ್ರೆ?"

"ಸಿಡೀಲಿ. ಅದು ಇರೋದೇ ಅದಕ್ಕೆ."

ಬುಧವಾರದ ತನಕ ಇಂದಿರಾ ಗಂಡನ ಜೊತೆ ಮಾತಾಡಿದ್ದು ಊಟಕ್ಕೆ ಬನ್ನಿ, ಮಾತ್ರೆ ತೊಗೊಳ್ಳಿ, ಇಲ್ಲವೇ ಒಂದು ಗದರಿಕೆ, ಅಷ್ಟೇ. ಚೀಲವನ್ನು ಸೆರಗಿನ ಕೆಳಗೆ ಹಾಕಿಕೊಂಡು ಗ್ಯಾರೇಜಿಗೆ ಹೋದಳು. ವೇಣುಗೋಪಾಲರೂ ತಮ್ಮದನ್ನು ಹೆಗಲಿಗೆ ಹಾಕಿಕೊಂಡು, ಹೊರಗಿನ ಕುರ್ಚಿಯನ್ನೇ ಎತ್ತಿಕೊಂಡು ಹಿಂದೆಯೇ ಹೋದರು. ಅವಳು ತಿರುಗಿ ನೋಡಿ, "ಇಲ್ಲೇನು ಕೆಲ್ಸ ನಿಮ್ಗೆ?" ಅಂದಳು. "ಹುರುಳಿಕಾಯಿ ಕೊಡು, ಹೆಚ್ತೀನಿ," ಅಂದರು ಇವರು. ಹೆಚ್ಚಿದ್ದನ್ನು ನೋಡಿ ಅವಳು, "ಇದು ಪಲ್ಯಕ್ಕಾ, ಬಚ್ಚಲ ಒಲೆಗಾ?" ಎಂದು ತಟ್ಟೆ ಕಿತ್ತುಕೊಂಡು ತಾನೇ ಮತ್ತೆ ಸಣ್ಣಗೆ ಹೆಚ್ಚಿದಳು. ಮುಯ್ಯಿ ತೀರಿಸಿಕೊಳ್ಳುವವಳಂತೆ ಮಂಗಳವಾರ ಮೆಣಸಿನಕಾಯಿ ಹುರಿದಳು. ವೇಣುಗೋಪಾಲರು ಕೂರಲೇಬೇಕೆಂದು ಕೂತರು. ಕಣ್ಣಿಂದ ನೀರು, ಮೂಗಿಂದ ನೀರು, ಎದೆಯಲ್ಲಿ ಕೆರೆತ. ಎದ್ದು ಹೊರಗೆ ಓಡಿದರು. ಬಾಣಲೆ ಬಿಟ್ಟರೆ ಮೆಣಸಿನಕಾಯಿ ಸೀಯುತ್ತದೆಂದು ಅವಳು ಕೂತೇ ಇದ್ದಳು. ಹೊರಗೆ ನಿಂತು ಉಸಿರೆಳೆದುಕೊಳ್ಳುವಾಗ ವೇಣುಗೋಪಾಲರಿಗೆ, ಬಾಣಲೆಯನ್ನು ತಾವು ಹಿಡಿದು ಅವಳನ್ನು ಹೊರಗೆ ಕಳಿಸಬಹುದಿತ್ತು ಎಂದು ಹೊಳೆಯಿತು. ಮತ್ತೆ ಒಳಗೆ ಹೋಗುವ ಹೊತ್ತಿಗೆ ಹುರಿದು ಮುಗಿದಿತ್ತು.

ವಾರ ಕಳೆದು ಅಹಲ್ಯಾ ಬೆಡ್‌ಫರ್ಡ್ ಪಾರ್ಕಿನಿಂದ ಫೋನ್ ಮಾಡಿದಳು. ಮಾಲವಿಕಾ ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದಳು. ಗ್ಯಾರೇಜಿನಲ್ಲಿ ಆಂಟಿಯ ಗೆರೆ, ಹುಲ್ಲು ಸುಟ್ಟ ಆ ಸಂಜೆಯ ಗುಡ್ಡವನ್ನು ಎಷ್ಟೋ ಪಾಲು ಮೀರಿ ಎದ್ದಿತ್ತು, ಹೊತ್ತು ಹೊತ್ತಿಗೂ ಎದ್ದಿತ್ತು. ಅಲ್ಲಿ ಒಲೆ ಹಚ್ಚಲೇಬೇಡಿ ಎಂದಳು. ಊದುವ ಪರೀಕ್ಷೆಯ ಕಾಗದವನ್ನು ಎದೆಯ ಡಾಕ್ಟರಿಗೆ ತೋರಿಸಿ ಎಂದಳು. ಮೊದಲ ವಾರದ ಗೆರೆಗಳನ್ನು ತೆಗೆದುಹಾಕಿದೆ ಎಂದಳು.

"ಅಂಕಲ್‌ದು?" ಎಂದು ಕೇಳಿದ್ದು ಇಂದಿರಾ.

"ಅಂಕಲ್ ಗೆರೆ ನಿಮ್ಮ ಜೊತೆಗೇ ಏಳತ್ತೆ ಆಂಟಿ. ಆದ್ರೆ ಅರ್ಧದಲ್ಲಿ ಇಳಿದುಬಿಡತ್ತೆ. ಹೊರಗೆ ಹೋಗ್ಬಿಟ್ರು ಅನ್ಸತ್ತೆ."

"ಹೋಗ್ದೆ ಇರ್ತಾರಾ!" ಎಂದು ಇಂದಿರಾ ನಕ್ಕಳು. ಅಷ್ಟು ದಿನಕ್ಕೆ ಅದು ಮೊದಲ ನಗು. ಜೋಡಿಯ ಬಗ್ಗೆ ಅಹಲ್ಯಾ ಇನ್ನೇನಾದರೂ ಅನ್ನುತ್ತಾಳೇನೋ ಎಂದು ವೇಣುಗೋಪಾಲರು ಕಾದರು, ಇಂದಿರಾಳೂ ಕಾದಳು. ಅವಳು ಎಲ್ಲರನ್ನೂ ಕೇಳಿದೆ ಅಂತ ಹೇಳಿ ಎಂದು ಫೋನಿಟ್ಟಳು.

ಒಲೆ ಹಿತ್ತಲಿನ ಮಾಡಿನ ಕೆಳಗೆ ಹೋಯಿತು, ಮೂರು ಕಡೆ ಗಾಳಿಯಾಡುವ ಕಡೆಗೆ. ಹೊಗೆಯನ್ನು ಹೊರಗೇ ಹಾಕುವ ಫ್ಯಾನನ್ನು ಕೌಸ್ತುಭ್ ಪರ್ತಿನಿಂದಲೇ ಯಾರಿಗೋ ಹೇಳಿ ಹಾಕಿಸಿದ, ಅದಕ್ಕಾಗಿ ಅಡುಗೆಮನೆಯ ಗೋಡೆ ಒಡೆಯಬೇಕಾಯಿತು. ಕವನಾ, "ಇಟ್ಸ್ ಓಕೆ ಅಜ್ಜಿ, ನನ್ನ ಜಾಕೆಟ್ ರೂಮಲ್ಲಿಟ್ಟು ಡೋರ್ ಕ್ಲೋಸ್ ಮಾಡ್ತೀನಿ," ಅಂದಳು. ಅಷ್ಟು ಕನ್ನಡ ಅವಳು ಒಟ್ಟಿಗೆ ಆಡಿದ್ದು ಕಡಿಮೆ. ಕಾರ್ಪೆಟ್ಟಿನ ಮೇಲಿನ ಎಣ್ಣೆಯ ಕಲೆಯ ಮೇಲೆ ಮಾಲವಿಕಾ ಕುರ್ಚಿ ಇಟ್ಟಳು. ಮೆಣಸಿನಕಾಯಿ ಹುರಿಯುವ ಕೆಲಸ ವೇಣುಗೋಪಾಲರದಾಯಿತು. ಎರಡು ಸಲ ಸೀದುಹೋಯಿತು, ಮೂರನೆಯ ಸಲದ ಸಾರಿನ ಪುಡಿಯನ್ನು ಇಂದಿರಾ ನೆಕ್ಕಿ ನೋಡಿ, ಪರವಾಗಿಲ್ಲ ಅಂದಳು.

ಅವಳ ಕೆಮ್ಮು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎದೆಯೊಳಗೆ ಆಗಿಹೋದದ್ದು ಸರಿಯಾಗುವುದಿಲ್ಲ, ಇನ್ನು ಹೆಚ್ಚದಂತೆ ನೋಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದರು. ಪದ್ಮಾಳಿಗೆ ಫೋನ್ ಮಾಡುವಾಗ ಅವಳು ಎರಡು ಗೆರೆಗಳ ಮಾತನ್ನು ಮತ್ತೆ ಎತ್ತಲಿಲ್ಲ. ಪದ್ಮಾಳೇ ಒಮ್ಮೆ ಕೇಳಿದಳು. ಅದೇನೋ ಮಷೀನಿನ ತಪ್ಪಂತೆ ಕಣೆ ಅಂದಳು ಇಂದಿರಾ. ಹಿತ್ತಲಿನಲ್ಲಿ ಬಾಣಲೆ ಹಿಡಿದಿದ್ದ ವೇಣುಗೋಪಾಲರಿಗೆ ಅದು ಕೇಳಿಸಿತು. ಅವಳಿಗೆ ಉಸಿರಾಡಲು ಗಾಳಿ ಸಿಕ್ಕಿತ್ತು. ಇಟ್ಟುಕೊಳ್ಳುತ್ತೇನೆ ಎಂದು ಅವಳು ಕೇಳಿದ್ದ ಆ ಒಂದು ಮಾತು ಹೋಗಿತ್ತು.